ಅತ್ತೆ ಕೇಳಿದ ಒಂದು ಸಿರಿಂಜು ರಕ್ತ

ಸಿಟ್ಟು ಬಂದರೆ ನನ್ನ ಅತ್ತೆಯ ಎಡಹಣೆಯಲ್ಲಿ ಒಂದು ನರ ಎದ್ದು ನಿಲ್ಲುತ್ತಿತ್ತು. ಕುಂಕುಮದ ಪಕ್ಕದಿಂದ ಹೊರಟು ಕೂದಲೊಳಗೆ ಹೋಗಿ ಮರೆಯಾಗುತ್ತಿದ್ದ ನೀಲಿ ನರ. ಮದುವೆಯಾಗಿ ವಿಜಯವಾಡದ ಆ ಮನೆಗೆ ಹೋದ ಹೊಸದರಲ್ಲಿ ನನ್ನ ಗಂಡ ಹೇಳಿಕೊಟ್ಟ ಮೊದಲ ಪಾಠವೇ ಅದು. "ಅಮ್ಮ ನಗ್ತಿದ್ದಾಳೆ ಅಂತ ನಂಬಬೇಡ, ಹಣೆ ನೋಡ್ಕೋ. ನರ ಎದ್ದಿದ್ರೆ ಕಾಫಿ ಕೂಡ ಕೇಳಬೇಡ." ಬಂಧುಬಳಗದವರೆಲ್ಲ ಅವರನ್ನು ಗಯ್ಯಾಳಿ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ, ಎದುರಿಗೆ ಅನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅವರು ಹೋಗಿ ಈಗ ಎರಡನೆಯ ವರ್ಷ. ಇವತ್ತು ನಾನು ಹೇಳುವುದಿಷ್ಟೇ: ಆ ಹೆಂಗಸು ಪಟ್ಟ ಸಿಟ್ಟು ಸಾಲದು. ಇನ್ನೂ ನಾಲ್ಕು ಪಾಲು ಪಡಬೇಕಿತ್ತು.

ಅವರ ತವರು ಬಳ್ಳಾರಿ. ತೆಲುಗು ಮನೆಗೆ ಮದುವೆಯಾಗಿ ಬಂದು, ಅಲ್ಲಿಯೇ ಒಂದು ಜೂನಿಯರ್ ಕಾಲೇಜಿನಲ್ಲಿ ಬಾಟನಿ ಪಾಠ ಹೇಳಿಕೊಂಡು ಮೂವತ್ತು ವರ್ಷಕ್ಕೂ ಮೇಲೆ ಕಳೆದವರು. ಬೆಂಜ್ ಸರ್ಕಲ್ ಹತ್ತಿರ ತರಕಾರಿ ಕೊಳ್ಳಲು ಹೋದರೂ ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ "ನಮಸ್ತೇ ಮೇಡಂ" ಎನ್ನುತ್ತಿದ್ದರು. ಮನೆಯಲ್ಲಿ ಮಾತೆಲ್ಲ ತೆಲುಗು. ಮಗನೂ ಅವರ ಹತ್ತಿರ ಎರಡು ಮಾತು ಕನ್ನಡ ಆಡಿದರೆ ಮೂರನೆಯದಕ್ಕೆ ತೆಲುಗಿಗೆ ಜಾರುತ್ತಿದ್ದ. ಅದಕ್ಕೇ ಹೊಸಪೇಟೆಯಿಂದ ನನ್ನನ್ನು ಹುಡುಕಿ ತಂದರು. "ನನಗೇನು ಅಡುಗೆ ಮಾಡೋರು ಬೇಕಿರಲಿಲ್ಲ ಹುಡುಗಿ. ಕನ್ನಡದಾಗೆ ಜಗಳ ಆಡೋಕೆ ಒಬ್ರು ಬೇಕಿತ್ತು" ಎಂದು ನನಗೇ ಹೇಳಿದ್ದರು. ನಾವು ಆಡಿದೆವು ಕೂಡ, ಬೇಕಾದಷ್ಟು.

ನಮ್ಮ ಮದುವೆ ಸುಲಭವಾಗಿ ಆದದ್ದಲ್ಲ. ಮಾವನಿಗೆ ಒಬ್ಬ ಅಕ್ಕ ಇದ್ದಾಳೆ, ಏಲೂರಿನಲ್ಲಿ. ದೊಡ್ಡ ಅತ್ತೆ ಎಂದು ಎಲ್ಲರೂ ಅವಳನ್ನು ಪೆದ್ದತ್ತ ಎನ್ನುತ್ತಾರೆ. ಅವಳಿಗೆ ತನ್ನ ಕಿರಿಯ ಮಗಳನ್ನು ತಮ್ಮನ ಮಗನಿಗೇ ಕೊಡಬೇಕೆಂಬ ಆಸೆ. ಅತ್ತೆ ಒಪ್ಪಲಿಲ್ಲ. ಒಳಗೊಳಗೇ ಕೊಟ್ಟು ತಂದುಕೊಳ್ಳುವುದು ನನಗೆ ಬೇಡ, ಅದರಿಂದ ಆಗುವುದನ್ನು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ ಎಂದುಬಿಟ್ಟರು. ಪೆದ್ದತ್ತ ಅದನ್ನು ಮರೆಯಲಿಲ್ಲ. ನಾನು ಹೊಸ್ತಿಲು ದಾಟಿ ಒಳಗೆ ಬಂದಾಗ ಅವಳು ನೋಡಿದ ನೋಟ ನನಗೂ ನೆನಪಿದೆ.

ನಿವೃತ್ತಿಯ ವರ್ಷ ಒಂದು ದಿನ ಅತ್ತೆ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋದರು. ಅವತ್ತು ಪ್ರಾಕ್ಟಿಕಲ್. ಈರುಳ್ಳಿ ಹೂವಿನ ಎಳೆಮೊಗ್ಗು ಬಿಡಿಸಿ, ಒಳಗೆ ಪರಾಗ ತುಂಬಿಕೊಳ್ಳುವ ಪುಟ್ಟ ಚೀಲವನ್ನು ಗಾಜಿನ ಮೇಲಿಟ್ಟು, ಕೆಂಪು ಬಣ್ಣದ ಹನಿ ಬಿಟ್ಟು, ಹೆಬ್ಬೆರಳಿನಿಂದ ಹಿಚುಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಪರಾಗ ಆಗುವ ಮುಂಚೆ ಜೀವಕೋಶ ತನ್ನ ಪಾಲನ್ನು ಹೇಗೆ ಅರ್ಧ ಮಾಡಿಕೊಳ್ಳುತ್ತದೆ ಎಂಬುದು ಅಲ್ಲಿ ಕಾಣಬೇಕು. ಅದಕ್ಕೆ ಮಿಯಾಸಿಸ್ ಎನ್ನುತ್ತಾರೆ. ಮೊಗ್ಗು ತೀರಾ ಎಳೆಯದಾದರೆ ಏನೂ ಶುರುವಾಗಿರುವುದಿಲ್ಲ, ಕೊಂಚ ಬಲಿತರೆ ಎಲ್ಲ ಮುಗಿದುಹೋಗಿರುತ್ತದೆ. ಒಬ್ಬ ಹುಡುಗಿ ಮೂರು ಸಲ ಹಿಚುಕಿ, ಏನೂ ಕಾಣದೆ, "ಈ ಈರುಳ್ಳಿಯೇ ಸರಿ ಇಲ್ಲ ಮೇಡಂ" ಎಂದಳು. ಅಷ್ಟೇ, ಅತ್ತೆಯ ನರ ಎದ್ದಿತು.

"ಮೊಗ್ಗು ಆರಿಸಿದವಳು ನೀನು, ಹಿಚುಕಿದವಳು ನೀನು. ತಪ್ಪು ಈರುಳ್ಳಿದಾ? ಕೈಗೆ ಸಿಗಲಿಲ್ಲ ಅಂದ ತಕ್ಷಣ ಬೈಯೋಕೆ ಒಂದು ಬಾಯಿಲ್ಲದ್ದು ಬೇಕಲ್ಲ ನಿಮಗೆ!"

ಹುಡುಗಿ ಅಳುವ ಹಾಗಾದಳು. ಅಯ್ಯೋ, ಒಂದು ಈರುಳ್ಳಿಗೆ ಇಷ್ಟೊಂದಾ ಎಂದುಕೊಂಡೆ ನಾನು. ಆಮೇಲೆ ಅತ್ತೆಯೇ ಹೊಸ ಮೊಗ್ಗು ಆರಿಸಿ, ತಾವೇ ಹಿಚುಕಿ, ಅವಳ ತಲೆಯನ್ನು ಹಿಡಿದು ಕಣ್ಣನ್ನು ಕೊಳವೆಗೆ ತಂದು ತೋರಿಸಿದರು. ಹುಡುಗಿ "ಕಾಣಿಸ್ತು ಮೇಡಂ" ಎಂದು ಕೂಗಿದಾಗ ಅವರ ಮುಖ ನೋಡಬೇಕಿತ್ತು. ನನ್ನನ್ನೂ ಕರೆದು ತೋರಿಸಿದರು. ಕೆಂಪು ಕಡ್ಡಿಗಳ ಹಾಗೆ ಏನೋ ಎರಡು ಗುಂಪಾಗಿ ಆಚೆಗೊಂದು ಈಚೆಗೊಂದು ಸರಿದು ನಿಂತಿದ್ದವು.

ನನ್ನ ಗಂಡನಿಗೆ ವಿಶಾಖಪಟ್ಟಣದಲ್ಲಿ ಹಡಗು ರಿಪೇರಿಯ ಯಾರ್ಡಿನಲ್ಲಿ ಇಂಜಿನಿಯರ್ ಕೆಲಸ. ನಾವು ಅಲ್ಲಿ, ಅತ್ತೆ ಮಾವ ವಿಜಯವಾಡದಲ್ಲಿ. ಮದುವೆಯಾದ ಮರುವರ್ಷ ನಾನು ಬಸಿರಾದೆ, ಎರಡು ತಿಂಗಳಿಗೆ ಹೋಯಿತು. ಆಗುತ್ತೆ, ಎಷ್ಟೋ ಜನಕ್ಕೆ ಆಗುತ್ತೆ ಎಂದರು. ಮತ್ತೆ ಆದೆ, ಮತ್ತೆ ಹೋಯಿತು. ಮೂರನೆಯದು ಹೋದಾಗ ಯಾರೂ ಹಾಗೆ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಮೈಯಲ್ಲಿ ನೋಡದ ಜಾಗ ಉಳಿದಿರಲಿಲ್ಲ. ಥೈರಾಯ್ಡ್ ಎಂದರು, ಗರ್ಭಕೋಶದ ಆಕಾರ ಎಂದರು, ರಕ್ತ ಗಟ್ಟಿಯಾಗುತ್ತದೇನೋ ಎಂದು ಹೊಟ್ಟೆಗೆ ಸೂಜಿ ಚುಚ್ಚಿದರು. ನನ್ನ ಗಂಡ ಪ್ರತಿಸಲವೂ ನನ್ನ ಜೊತೆಗೇ ಬಂದು, ಹೊರಗೆ ಕುರ್ಚಿಯಲ್ಲಿ ಕೂತು, ನನ್ನ ಕೈಚೀಲ ಹಿಡಿದುಕೊಂಡು ವಾಪಸ್ಸು ಬರುತ್ತಿದ್ದ. ಅವನನ್ನು ಯಾರೂ ಒಳಗೆ ಕರೆಯಲೇ ಇಲ್ಲ.

ಆಗ ಪೆದ್ದತ್ತನ ಫೋನು ಬಂತು. ಅವಳು ಆಡಿದ್ದು ತೆಲುಗಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. "ನೋಡು ಅಮ್ಮಾಯಿ, ನಿನ್ನ ಅತ್ತೆಗೂ ಹೀಗೇ ಆಗ್ತಿತ್ತು. ಗರ್ಭ ನಿಲ್ತಿರಲಿಲ್ಲ. ನಾನು ಇಂದ್ರಕೀಲಾದ್ರಿಗೆ ಮೆಟ್ಲ ಪೂಜೆ ಮಾಡಿಸಿದೆ, ಆಮೇಲೇ ನಿನ್ನ ಗಂಡ ಹುಟ್ಟಿದ. ನೀನೂ ಬಂದು ಮಾಡು. ನಮ್ಮ ಹುಡುಗಿಯನ್ನೇ ತಂದುಕೊಂಡಿದ್ದರೆ ಇದೆಲ್ಲ ಇರಲಿಲ್ಲ." ಮೆಟ್ಲ ಪೂಜೆ ಎಂದರೆ ವಿಜಯವಾಡದ ಆ ಬೆಟ್ಟದ ಬುಡದಿಂದ ದುರ್ಗಮ್ಮನ ಗುಡಿಯವರೆಗೂ ಬಗ್ಗಿ ಬಗ್ಗಿ ಪ್ರತಿ ಮೆಟ್ಟಿಲಿಗೂ ಅರಿಶಿನ ಬಳಿದು ಕುಂಕುಮ ಇಡುತ್ತಾ ಹತ್ತುವುದು. ಭಕ್ತಿಯಿಂದ ಮಾಡುವವರ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಆದರೆ ನನಗೆ ರಕ್ತ ನಿಂತು ವಾರವೂ ಆಗಿರಲಿಲ್ಲ. ಅತ್ತೆಗೆ ಹೀಗಾಗಿತ್ತು ಎಂಬುದು ನನಗೆ ಗೊತ್ತಾದದ್ದೂ ಅವತ್ತೇ.

ನಾನು ಅತ್ತೆಗೆ ಫೋನು ಮಾಡಿ, ಪೂಜೆಗೆ ಯಾವಾಗ ಬರಲಿ ಎಂದು ಕೇಳಿದೆ. ಅವರು, "ನೀ ಎಲ್ಲಿಗೂ ಬರಬ್ಯಾಡ. ನಾನೇ ಬರ್ತೀನಿ" ಎಂದರು. ಮಾರನೆಯ ದಿನ ರೈಲಿಳಿದು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

ಮೂರು ನಾಲ್ಕು ದಿನ ನನಗೆ ಗಂಜಿ ಕುಡಿಸಿದರು, ತಲೆಗೆ ಎಣ್ಣೆ ಹಚ್ಚಿದರು, ಗಂಡನನ್ನು ಸುಮ್ಮಸುಮ್ಮನೆ ಬೈದರು. ಒಂದು ಸಂಜೆ ಆಟೋ ಮಾಡಿಕೊಂಡು ಋಷಿಕೊಂಡದ ಸಮುದ್ರಕ್ಕೆ ಕರೆದುಕೊಂಡು ಹೋದರು. ಮರಳಿನ ಮೇಲೆ ಕಾಲು ಚಾಚಿ ಕೂತು, ನನ್ನ ಕಡೆ ನೋಡದೆ, ನೀರಿನ ಕಡೆ ನೋಡುತ್ತಾ ಹೇಳಿದರು.

"ನನಗೆ ನಿನ್ನ ಗಂಡನ ಮುಂಚೆ ಮೂರು ಹೋದವು. ಅವನ ಆಮೇಲೆ ಎರಡು. ಹೋದ ಪ್ರತಿ ಸಲ ನನ್ನನ್ನ ಬೆಟ್ಟ ಹತ್ತಿಸಿದ್ರು. ಒಂದು ಸಲ ಮಧ್ಯದಾಗೆ ರಕ್ತ ಶುರುವಾಯ್ತು. ನಿನ್ನ ಮಾವನ ಅಕ್ಕ ಹಿಂದೆ ಬರ್ತಿದ್ಲು. ನಿಲ್ಲಿಸಬೇಡ, ನಿಲ್ಲಿಸಿದ್ರೆ ಹರಕೆ ಕೆಡ್ತೈತೆ ಅಂದ್ಲು. ಕುಂಕುಮ ಯಾವುದು ರಕ್ತ ಯಾವುದು ಅಂತ ಗೊತ್ತಾಗಲಿಲ್ಲ ಆ ಮೆಟ್ಟಿಲಿನ ಮೇಲೆ. ದುರ್ಗಮ್ಮನ ಮೇಲೆ ನನಗೆ ಕೋಪ ಇಲ್ಲ. ಅಮ್ಮ ಏನ್ ಕೇಳಿದ್ಲಾ ನನ್ನನ್ನ?"

"ಮಾವ ಏನೂ ಹೇಳಲಿಲ್ವಾ?" ಎಂದೆ.

"ಕೆಳಗೆ ಚಪ್ಪಲಿ ಕಾಯ್ತಾ ನಿಂತಿದ್ರು" ಎಂದರು ಅತ್ತೆ. "ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೀತಿದ್ದೆ. ಅರ್ಧ ತಾಯಿದು, ಅರ್ಧ ತಂದೆದು. ಮಕ್ಕಳು ಬರ್ಕೊಂಡು ಮಾರ್ಕ್ಸ್ ತಗೊಂಡು ಹೋದ್ರು. ಮನೇಲಿ ಮಾತ್ರ ಪೂರ್ತಿ ನಂದೇ ತಪ್ಪು ಅಂದ್ರೆ ಹೂಂ ಅಂದೆ. ನೋಡು ನನ್ನ ಓದಿನ ಹಣೆಬರಹ!" ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಎದ್ದು ಸೀರೆಯ ಮರಳು ಕೊಡವಿ, "ನಡಿ, ನಾಳೆ ಡಾಕ್ಟರ ಹತ್ರ ಹೋಗೋಣ" ಎಂದರು.

ಡಾಕ್ಟರ ಕೋಣೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಬಿಸಿಯಾಗುತ್ತದೆ. ಅತ್ತೆ ನನ್ನ ಫೈಲನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿ, "ಇಷ್ಟೂ ಇವಳದೇ. ನನ್ನ ಮಗಂದು ಎಲ್ಲಿ?" ಎಂದು ತೆಲುಗಿನಲ್ಲಿ ಕೇಳಿದರು. ಡಾಕ್ಟರಮ್ಮ ನಕ್ಕು, ಮೊದಲು ಹೆಂಗಸರದು ನೋಡುತ್ತೇವೆ, ಗಂಡಸರು ಬೇಗ ಒಪ್ಪುವುದಿಲ್ಲ ಎಂದರು.

"ಒಪ್ಪೋದಿಲ್ಲ ಅಂತ ಹೇಳೋಕೆ ನೀವು ಕೇಳಿದ್ರಾ ಅವನನ್ನ? ಹೋದ ಮಗುವಿನಾಗೆ ಅರ್ಧ ಅವನದಲ್ವಾ? ಅರ್ಧ ಉತ್ತರಪತ್ರಿಕೆ ನೋಡಿ ಫೇಲ್ ಮಾಡೋ ಟೀಚರ್ ನಾನಾಗಿದ್ರೆ ನನ್ನನ್ನ ಮನೆಗೆ ಕಳಿಸ್ತಿದ್ರು!"

ಹೊರಗಿನ ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ನನ್ನ ಗಂಡ ತಾನಾಗಿಯೇ ಒಳಗೆ ಬಂದು, "ಎಲ್ಲಿ ಕೊಡಬೇಕು ರಕ್ತ?" ಎಂದ. ಅವನ ಬಗ್ಗೆ ನನಗಿದ್ದ ಸಿಟ್ಟೆಲ್ಲ ಅವತ್ತು ಅರ್ಧಕ್ಕಿಳಿಯಿತು. ಕೆಲವು ವಾರಗಳಾದ ಮೇಲೆ ಗೊತ್ತಾಯಿತು: ನನ್ನದು ಸರಿಯಿದೆ, ಅವನದರಲ್ಲಿ ಎರಡು ಕ್ರೋಮೋಸೋಮುಗಳ ತುದಿ ಒಂದಕ್ಕೊಂದು ಅದಲುಬದಲಾಗಿದೆ.

ಅದನ್ನು ಹೇಳಲು ನಾವು ವಿಜಯವಾಡಕ್ಕೆ ಹೋದ ದಿನ ಪೆದ್ದತ್ತ ಅಲ್ಲೇ ಇದ್ದಳು. ಸೋಫಾದ ಮೇಲೆ ಕೂತು, "ನಮ್ಮ ಹುಡುಗ ಆರಡಿ ಇದ್ದಾನೆ, ಒಂದು ದಿನ ಜ್ವರ ಅಂತ ಮಲಗಿದವನಲ್ಲ, ಅವನಲ್ಲಿ ಏನು ಕೊರತೆ ಇರುತ್ತೆ?" ಎಂದಳು. ಅತ್ತೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಕತ್ತರಿ, ಒಂದಷ್ಟು ಸೇಫ್ಟಿ ಪಿನ್ನು, ನಾಲ್ಕು ರವಿಕೆ ಕಣ. ಎರಡು ಕೆಂಪು, ಎರಡು ಹಸಿರು. ಪ್ರತಿ ಹರಕೆಗೂ ಪೆದ್ದತ್ತ ಗುಡಿಯಲ್ಲಿ ಇಟ್ಟು ತಂದು ಅತ್ತೆಯ ಮಡಿಲಿಗೆ ಹಾಕುತ್ತಿದ್ದ ಕಣಗಳು ಅವು. ಒಂದನ್ನೂ ಹೊಲಿಸಿರಲಿಲ್ಲ, ಎಲ್ಲ ಬೀರುವಿನ ಅಡಿಯಲ್ಲಿ ಇಟ್ಟುಕೊಂಡಿದ್ದರು. ನೆಲದ ಮೇಲೆ ಹಾಸಿ, ಒಂದು ಕೆಂಪಿನ ತುದಿಯನ್ನು ಚರಕ್ಕನೆ ಕತ್ತರಿಸಿದರು.

"ಅಮ್ಮವಾರಿ ಬಟ್ಟೆ!" ಎಂದು ಪೆದ್ದತ್ತ ಚೀರಿದಳು.

"ಇದ್ದ ಕಡೆ ಕೂತ್ಕೊಂಡು ನೋಡಿ ವದಿನಾ" ಎಂದು ಅತ್ತಿಗೆಯನ್ನು ಗದರಿ, ಅತ್ತೆ ಒಂದು ಹಸಿರಿನ ತುದಿಯನ್ನೂ ಕತ್ತರಿಸಿ, ಹಸಿರು ತುದಿಯನ್ನು ಕೆಂಪಿಗೆ, ಕೆಂಪು ತುದಿಯನ್ನು ಹಸಿರಿಗೆ ಪಿನ್ನು ಮಾಡಿದರು. "ಇವು ಇವನ ಕ್ರೋಮೋಸೋಮು ಅಂದ್ಕೊಳ್ಳಿ. ಎಲ್ಲ ಬಟ್ಟೆ ಇಲ್ಲೇ ಐತೆ. ಒಂದು ನೂಲೂ ಕಡಿಮೆ ಆಗಿಲ್ಲ. ಅದಕ್ಕೇ ಇವನು ಆರಡಿ ಬೆಳೆದ, ಆರಾಮಾಗಿದ್ದಾನೆ. ಆದ್ರೆ ಮಗುವಿಗೆ ಇವನು ಎಲ್ಲಾನೂ ಕೊಡೋಕಾಗಲ್ಲ. ಅರ್ಧ ಕೊಡಬೇಕು. ಒಂದು ಕೆಂಪು, ಒಂದು ಹಸಿರು." ತೇಪೆಯಿಲ್ಲದ ಎರಡನ್ನು ಎತ್ತಿ ಒಂದು ಕಡೆ ಇಟ್ಟರು. "ಈ ಎರಡು ಹೋದ್ರೆ ಮಗು ಚೆನ್ನಾಗಿರ್ತೈತೆ. ತೇಪೆಯ ಎರಡೂ ಒಟ್ಟಿಗೆ ಹೋದ್ರೆ ಇವನ ಹಂಗೇ, ಏನೂ ತೊಂದರೆ ಇಲ್ಲ. ತೇಪೆ ಹಾಕಿದ ಕೆಂಪು, ತೇಪೆ ಇಲ್ಲದ ಹಸಿರು ಹೋಯ್ತು ಅನ್ನಿ, ಆಗ ಕೆಂಪು ಸಾಲಲ್ಲ, ಹಸಿರು ಜಾಸ್ತಿ. ಅಂಥದ್ದು ನಿಲ್ಲಲ್ಲ. ಯಾರ ಹೊಟ್ಟೆಯಾಗೂ ನಿಲ್ಲಲ್ಲ. ನಿಮ್ಮ ಮಗಳ ಹೊಟ್ಟೆಯಾಗೂ ನಿಲ್ತಿರಲಿಲ್ಲ."

ಪೆದ್ದತ್ತ ಮುಖ ತಿರುಗಿಸಿಕೊಂಡಳು. ಮಾವ ಮೆಲ್ಲಗೆ, "ನೀನು ಗಿಡದ ಟೀಚರು. ಮನುಷ್ಯರದು ಬೇರೆ" ಎಂದರು. ಅತ್ತೆ ಕತ್ತರಿಯನ್ನು ನೆಲಕ್ಕಿಟ್ಟು ಅವರನ್ನೇ ನೋಡಿ, "ಒಂದೇ ರೀ. ಈರುಳ್ಳಿಗೂ ನಿಮಗೂ ಒಂದೇ" ಎಂದರು. ನನ್ನ ಗಂಡ ನಗು ತಡೆಯಲಾಗದೆ ಎದ್ದು ಹೋದ.

ಆದರೆ ಅತ್ತೆ ನಗುತ್ತಿರಲಿಲ್ಲ. ಮಗನ ಆ ತೇಪೆ ಎಲ್ಲಿಂದ ಬಂತು ಎಂಬುದು ಅವರ ತಲೆ ಹೊಕ್ಕಿತ್ತು. ಹೆಚ್ಚಾಗಿ ಅದು ಅಪ್ಪನಿಂದ ಬರುತ್ತದೆ, ಇಲ್ಲವೇ ಅಮ್ಮನಿಂದ. ಅವರು ಮೊದಲು ತಮ್ಮ ತೋಳನ್ನೇ ಚಾಚಿದರು. "ನಂದೇ ಇರಬಹುದು. ಇದ್ರೆ ಇರಲಿ, ಒಪ್ಕೋತೀನಿ" ಎಂದು ಹೇಳಿ ರಕ್ತ ಕೊಟ್ಟು ಬಂದರು. ಉತ್ತರ ಬರುವವರೆಗೂ ಅವರು ಸರಿಯಾಗಿ ಊಟ ಮಾಡಲಿಲ್ಲ ಎಂದು ಆಮೇಲೆ ಮಾವನೇ ಹೇಳಿದರು. ಅತ್ತೆಯದರಲ್ಲಿ ಏನೂ ಇರಲಿಲ್ಲ. ಎಲ್ಲ ನೆಟ್ಟಗಿತ್ತು.

ಆ ದಿನ ಅವರು ಕುಣಿಯುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಮಾವನ ಎದುರು ಹೋಗಿ ನಿಂತು, "ಏಮಂಡೀ, ಈಗ ನಿಮ್ಮದು ಒಂದು ಸಿರಿಂಜು ಕೊಡಿ" ಎಂದರು. ಮಾವ ಪೇಪರ್ ಮಡಚಿದರು. "ಮಾ ವಂಶಂಲೋ ಅಲಾಂಟಿವಿ ಲೇವು" ಎಂದರು. ನಮ್ಮ ವಂಶದಲ್ಲಿ ಅಂಥವೆಲ್ಲ ಇಲ್ಲವಂತೆ! ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಮನುಷ್ಯ, ಒಂದು ಇರುವೆಗೂ ಗದರದ ಸಾಧು, ಸೊಸೆಗೆ ತಾವೇ ಕಾಫಿ ಬೆರೆಸಿ ತಂದುಕೊಡುವವರು. ಆ ಒಂದು ಸೂಜಿಗೆ ಮಾತ್ರ ಬಂಡೆಯಾಗಿ ಕೂತುಬಿಟ್ಟರು.

ನಾನು ಅತ್ತೆಗೆ ಹೇಳಿದೆ. "ನಿಮ್ಮದಲ್ಲ ಅಂತ ಆಯ್ತಲ್ಲ, ಬಿಡಿ ಅತ್ತೆ. ಇನ್ನೇನು ಉಳೀತು, ಅವರದೇ." ಅದಕ್ಕೆ ಅವರು ಕೊಟ್ಟ ಉತ್ತರ ಕೇಳಿ ನನಗೆ ಅವರ ಮೇಲೇ ರೇಗಿತು.

"ಹಂಗೆ ಹೇಳೋಕೆ ಬರಲ್ಲ ಮಗಾ. ಅಪ್ಪ ಅಮ್ಮ ಇಬ್ಬರದೂ ಸರಿ ಇದ್ದು, ಮಗುವಿನಾಗೆ ಹೊಸದಾಗಿ ಆಗಿರೋದೂ ಉಂಟು. ಅವರದು ನೋಡದೆ ಅವರದೇ ಅಂದ್ರೆ, ನನ್ನನ್ನ ನೋಡದೆ ನಂದೇ ಅಂದವರಿಗೂ ನನಗೂ ಏನ್ ವ್ಯತ್ಯಾಸ?"

ಇಂಥ ಹೆಂಗಸನ್ನು ಗಯ್ಯಾಳಿ ಎಂದರು! ಅದೂ ಸಾಲದೆಂದು, ಈ ಮಾತನ್ನು ಮಾವ ಬಾಗಿಲ ಆಚೆಯಿಂದ ಕೇಳಿಸಿಕೊಂಡರು. ಅಂದಿನಿಂದ ಅದನ್ನೇ ಹಿಡಿದುಕೊಂಡರು. "ನೀನೇ ಹೇಳಿದೆಯಲ್ಲ, ಹೊಸದಾಗಿ ಆಗಿರಬಹುದು ಅಂತ. ಹಾಗೇ ಆಗಿರುತ್ತೆ ಬಿಡು." ಹಾಗಾದರೆ ಅತ್ತೆಯ ಐದು ಬಸಿರು ಹೋದದ್ದು ಯಾಕೆ ಎಂದು ಒಂದು ಸಲವಾದರೂ ಕೇಳಿಕೊಂಡರಾ? ಇಲ್ಲ. ಅತ್ತೆಯ ಪ್ರಾಮಾಣಿಕತೆಯನ್ನೇ ಅಡ್ಡ ಹಿಡಿದುಕೊಂಡು ಅದರ ಹಿಂದೆ ಬಚ್ಚಿಟ್ಟುಕೊಂಡರು. ನನಗೆ ಮಾವನ ಮೇಲೆ ಗೌರವವಿದೆ, ಪ್ರೀತಿಯೂ ಇದೆ. ಆದರೂ ಈ ಒಂದಕ್ಕೆ ನಾನು ಅವರನ್ನು ಕ್ಷಮಿಸಿಲ್ಲ, ಇದನ್ನು ಅವರ ಎದುರಿಗೇ ಹೇಳಿದ್ದೇನೆ.

ನಾಲ್ಕನೆಯ ಸಲ ನನಗೆ ಬಸಿರು ನಿಂತಿತು. ಬಸಿರಿನ ನೀರು ತೆಗೆದು ಪರೀಕ್ಷೆ ಮಾಡಿದರು, ಮಗು ಚೆನ್ನಾಗಿದೆ ಎಂದರು. ಅಪ್ಪನ ತೇಪೆಗಳೆರಡೂ ಒಟ್ಟಿಗೆ ಬಂದಿವೆ, ಬೆಳೆದ ಮೇಲೆ ಅವಳಿಗೂ ಹೇಳಬೇಕು ಎಂದರು. ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕಿದ ದಿನ ಪೆದ್ದತ್ತ ಬಂದು, ಮಗುವಿನ ಹಣೆಗೆ ಕುಂಕುಮ ಇಟ್ಟು, "ನೀವು ಹತ್ತದಿದ್ದರೆ ಏನು, ನಿಮ್ಮ ಪರವಾಗಿ ನಾನೇ ಹರಕೆ ಹೊತ್ತಿದ್ದೆ. ಅದರ ಫಲ" ಎಂದಳು. ಬಂದವರೆಲ್ಲ ತಲೆಯಾಡಿಸಿದರು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ಇವಳಿಗೆ ಓದೋಕೆ ಬಂದ ಮೇಲೆ ಎಲ್ಲಾ ಹೇಳು. ಯಾರದೋ ಬಾಯಿಂದ ಕೇಳಬಾರದು ಅವಳು. ನಾನು ಬಾಯಿ ಮುಚ್ಕೊಂಡು ಕೂತಂಗೆ ನೀನು ಕೂತ್ಕೋಬ್ಯಾಡ" ಎಂದರು. ಅವರ ಹಣೆಯ ನರ ಎದ್ದಿತ್ತು, ಕೈಯಲ್ಲಿ ಮಾತ್ರ ಮಗು ಹಾಯಾಗಿ ನಿದ್ದೆ ಮಾಡುತ್ತಿತ್ತು.

ಆಮೇಲೂ ಅವರು ಮಾವನನ್ನು ಕೇಳುವುದು ಬಿಡಲಿಲ್ಲ. ಮಾವನ ಸಕ್ಕರೆ ಪರೀಕ್ಷೆಗೆ ಲ್ಯಾಬಿನವರು ಮನೆಗೆ ಬಂದರೆ, "ಇನ್ನೊಂದು ಸಿರಿಂಜು ತಗೊಳ್ಳಪ್ಪ" ಎನ್ನುತ್ತಿದ್ದರು. ಮಾವ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಸಕ್ಕರೆಗೆ ಕೊಡುವ ರಕ್ತ ಹೆಂಡತಿಗೆ ಕೊಡಲು ಇಲ್ಲ. "ಅಷ್ಟು ಯಾಕೆ ಬೇಕು ಅತ್ತೆ?" ಎಂದು ಒಮ್ಮೆ ಕೇಳಿದೆ. "ಈ ಮನೆಯಾಗೆ ಯಾರಾದ್ರೂ ಒಬ್ರು, ತಪ್ಪು ನಿಂದಲ್ಲ ಅನ್ನಬೇಕು. ನಾನೇ ನನಗೆ ಹೇಳ್ಕೊಂಡು ಸಾಕಾಗಿದೆ" ಎಂದರು. ನಾನು ಹೇಳಿದ್ದೆ, ಅವರ ಮಗನೂ ಹೇಳಿದ್ದ. ನಾವು ಹೇಳಿದ್ದು ಲೆಕ್ಕಕ್ಕೆ ಬರಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಮ್ಮನ್ನು ಮೆಟ್ಟಿಲು ಹತ್ತಿಸಿದವರ ಬಾಯಿಂದ ಆ ಮಾತು.

ಹೋದ ವರ್ಷದ ಬೇಸಿಗೆಯಲ್ಲಿ ಅವರ ಹೃದಯ ಕೈಕೊಟ್ಟಿತು. ನಾವು ವಿಶಾಖಪಟ್ಟಣದಿಂದ ಓಡಿ ಬರುವ ಹೊತ್ತಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತಿದ್ದರು, ಮುಖ ಬೂದಿಯಾಗಿತ್ತು. ಬೆಳಿಗ್ಗೆ ನರ್ಸು ರಕ್ತ ತೆಗೆಯಲು ಬಂದಾಗ ಮಾವ ಪಕ್ಕದ ಕುರ್ಚಿಯಲ್ಲಿದ್ದರು. ಅತ್ತೆ ಅವರ ಕಡೆ ಕಣ್ಣಲ್ಲೇ ತೋರಿಸಿ, "ಅವರದೂ ಒಂದು ತಗೊಳ್ಳಮ್ಮ. ತುಂಬಾ ದಿನದಿಂದ ಬಾಕಿ ಐತೆ" ಎಂದರು, ನಗುತ್ತಲೇ. ನರ್ಸೂ ನಕ್ಕಳು. ಮಾವ ಎದ್ದು ಕಾಫಿ ತರುತ್ತೇನೆಂದು ಹೊರಗೆ ಹೋದರು. ಅದಾದ ಎರಡನೆಯ ದಿನ ಮಧ್ಯಾಹ್ನ ಅತ್ತೆ ತೀರಿಕೊಂಡರು.

ಹನ್ನೊಂದನೆಯ ದಿನದ ಕರ್ಮ ಮುಗಿದು ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಪೆದ್ದತ್ತ ಕಣ್ಣೊರೆಸಿಕೊಳ್ಳುತ್ತಾ, ಪಾಪ ಗರ್ಭ ನಿಲ್ಲದ ಹೆಂಗಸು, ನಾನು ಹಿಂದೆ ನಿಂತು ಬೆಟ್ಟ ಹತ್ತಿಸದಿದ್ದರೆ ಈ ಒಬ್ಬ ಮಗನೂ ಇರುತ್ತಿರಲಿಲ್ಲ ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ನಾನು ಸಾರು ಬಡಿಸುತ್ತಿದ್ದೆ. ಸೌಟನ್ನು ಪಾತ್ರೆಯೊಳಗೆ ಎಸೆದೆ, ಸಾರು ನೆಲಕ್ಕೆಲ್ಲ ಚೆಲ್ಲಿತು.

"ಸಾಕು ಮಾಡಿ! ಅವರ ರಕ್ತ ನೋಡಿಯಾಗಿದೆ, ಅದರಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲ ಅಂತ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅವರು ಸತ್ತ ಮೇಲೂ ಅದೇ ಮಾತು! ನಾಚಿಕೆ ಆಗಲ್ವಾ ನಿಮಗೆಲ್ಲ?"

ಇದನ್ನು ನಾನು ಯಾವ ಭಾಷೆಯಲ್ಲಿ ಕೂಗಿದೆನೋ ನನಗೆ ಗೊತ್ತಿಲ್ಲ. ಕನ್ನಡ ಬಾರದವರಿಗೂ ಅರ್ಥವಾಯಿತು. ಯಾರೋ ಹಿರಿಯರು, ಸೊಸೆಗೆ ಅತ್ತೆಯದೇ ಬಾಯಿ ಬಂದಿದೆ ಎಂದರು. ಬಂದಿದ್ದರೆ ಅದು ನನ್ನ ಪುಣ್ಯ. ಮಾವ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು.

ಮರುದಿನ ಬೆಳಿಗ್ಗೆ ಸಕ್ಕರೆ ಪರೀಕ್ಷೆಯ ಹುಡುಗ ಬಂದಾಗ ಮಾವ ತಾವಾಗಿಯೇ ತೋಳು ಚಾಚಿ, "ಇನ್ನೊಂದು ತಗೋ" ಎಂದರು. ನನ್ನ ಕಡೆ ನೋಡಿದರು. ನಾನು ಅವರನ್ನು ಸಮಾಧಾನ ಮಾಡುತ್ತೇನೆ ಎಂದುಕೊಂಡಿದ್ದರೋ ಏನೋ. "ಕೊಡಿ ಮಾವಯ್ಯ. ಆದರೆ ಉತ್ತರ ಬಂದ ಮೇಲೆ ಪೆದ್ದತ್ತನಿಗೆ ನೀವೇ ಹೇಳಬೇಕು, ನಾನು ಹೇಳಲ್ಲ" ಎಂದೆ. ಅವರು ತಲೆಯಾಡಿಸಿದರು.

ಉತ್ತರ ಬಂತು. ಮಗನಲ್ಲಿದ್ದ ಅದೇ ತೇಪೆ ಅಪ್ಪನಲ್ಲಿ ಇತ್ತು. ಮಾವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಜಾರದಲ್ಲಿ ಕೂತು, ಸ್ಪೀಕರ್ ಹಾಕಿ, ಏಲೂರಿಗೆ ಫೋನು ಮಾಡಿದರು. "ಅಕ್ಕಾ, ನನ್ನದೇ ಅಂತೆ. ಅವಳದಲ್ಲ. ಅವಳದು ಯಾವತ್ತೂ ಅಲ್ಲ" ಎಂದರು. ಆ ಕಡೆಯಿಂದ ಪೆದ್ದತ್ತ, "ಇಪ್ಪುಡು ಅವನ್ನೀ ಎಂದುಕುರಾ?" ಎಂದಳು. ಈಗ ಅದೆಲ್ಲ ಯಾಕಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಫೋನನ್ನು ಮಾವನ ಕೈಯಿಂದ ಕಿತ್ತುಕೊಂಡೆ. ಎಷ್ಟು ವರ್ಷದಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಅವಳೇ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ, "ಅಮ್ಮಾಯಿ, ಅದು ಅವನಿಗೆ ನಮ್ಮ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕಲ್ವಾ? ಹಾಗಾದ್ರೆ ನನ್ನಲ್ಲೂ ಇರಬಹುದಾ?" ಎಂದು ಕೇಳಿದಳು. ಇರಬಹುದು ಎಂದೆ. "ನನಗೂ ಮೊದಲು ಎರಡು ಹೋಗಿದ್ದವು. ಹುಟ್ಟಿದ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮ ಅತ್ತೆ ನನ್ನನ್ನು ಒಂದು ವರ್ಷ ಅಡುಗೆಮನೆಗೆ ಸೇರಿಸಲಿಲ್ಲ. ಮೆಟ್ಟಿಲು ಹತ್ತಿದ ಮೇಲೆ ನನಗೆ ನಿಂತಿತು. ಅದಕ್ಕೇ ನಿನ್ನ ಅತ್ತೆಯನ್ನೂ ಹತ್ತಿಸಿದೆ" ಎಂದಳು. ಆಮೇಲೆ, "ನನ್ನ ಆ ಎರಡು ಹೋದದ್ದು ನಾನು ಮಾಡಿದ ಪಾಪಕ್ಕಲ್ಲ, ಅಲ್ವಾ ಹಾಗಾದ್ರೆ?" ಎಂದಳು.

ಎಂಬತ್ತರ ಹತ್ತಿರದ ಮುದುಕಿ ಆ ಕಡೆ ಕಾಯುತ್ತಿದ್ದಳು. ಬಾಯಿ ತುಂಬಾ ಇದ್ದ ಬೈಗುಳವನ್ನು ನುಂಗಿಕೊಂಡೆ. "ಅಲ್ಲ ಪೆದ್ದತ್ತಾ. ನಿಮ್ಮ ತಪ್ಪಲ್ಲ" ಎಂದೆ. ಅವಳು ಫೋನಿನಲ್ಲಿ ಗಟ್ಟಿಯಾಗಿ ಅಳತೊಡಗಿದಳು.

ನನ್ನ ಅತ್ತೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು, ನನಗೆ ಗೊತ್ತು. ಅದಕ್ಕೇ ಹೇಳಿದೆ. ಆದರೂ ಆ ಒಂದು ಮಾತಿಗಾಗಿ ಆ ಮನೆಯಲ್ಲಿ ನಲವತ್ತು ವರ್ಷ ಕಾದವರು ಅವರು, ಕೇಳಿಸಿಕೊಂಡವಳು ಇವಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.